ಬಾವಲಿ ಕಂಡರೆ ಏನು ಮಾಡಬೇಕು, ಏನು ಮಾಡಬಾರದು
ವಾಷಿಂಗ್ಟನ್, ಅಟ್ಲಾಂಟಾ ಮತ್ತು ಕ್ಯಾರೊಲೈನಾಗಳ ಕನ್ನಡ ಮನೆಗಳಿಗೆ

ಇದು ಆಶ್‌ಬರ್ನ್, ಹರ್ನ್‌ಡನ್, ಜರ್ಮನ್‌ಟೌನ್‌ಗಳಲ್ಲಿ, ಕ್ಯಾರಿ, ಶಾರ್ಲಟ್, ಗ್ರೀನ್‌ವಿಲ್‌ಗಳಲ್ಲಿ, ಅತ್ತ ಆಲ್ಫರೆಟ್ಟಾ, ಕಮ್ಮಿಂಗ್ ಕಡೆ ಮನೆ ಮಾಡಿಕೊಂಡಿರುವ ಕನ್ನಡಿಗರಿಗೆ ಬರೆದ ಸೂಚನೆ. ಊರಿಂದ ಆರು ತಿಂಗಳಿಗೆಂದು ಬಂದಿರುವ ಅಪ್ಪ ಅಮ್ಮಂದಿರಿಗೂ ಇದು ಅಷ್ಟೇ ಅನ್ವಯ.

ನಮ್ಮಲ್ಲಿ ಬಹಳ ಜನರ ಮನೆಯ ಹಿಂದೆ ಓಕ್ ಮರಗಳಿವೆ, ಆಚೆಗೊಂದು ತೊರೆಯೋ ಮಳೆನೀರಿನ ಕೊಳವೋ ಇದೆ. ಬೇಸಿಗೆಯ ಸಂಜೆ ಆ ನೀರಿನ ಮೇಲೆ ಓಲಾಡುತ್ತ ಹಾರಾಡುವ ಪುಟ್ಟ ಬಾವಲಿಗಳಲ್ಲಿ ಒಂದಕ್ಕೆ ಇಲ್ಲಿನವರು ಟ್ರೈಕಲರ್ಡ್ ಬ್ಯಾಟ್ ಅನ್ನುತ್ತಾರೆ. ಈ ಬರಹದಲ್ಲಿ ಅದು ಮುಬ್ಬಣ್ಣದ ಬಾವಲಿ. ಅದರ ಒಂದೊಂದು ಕೂದಲೂ ಬುಡದಲ್ಲಿ ಕಪ್ಪು, ನಡುವೆ ಹಳದಿ, ತುದಿಯಲ್ಲಿ ಕಂದು. ಮುಂಗೈ ಮಾತ್ರ ನಸುಗೆಂಪು. ತೂಕ 4ರಿಂದ 8 ಗ್ರಾಂ. ಊರಲ್ಲಿ ಆಲದ ಮರಕ್ಕೆ ಜೋತುಬೀಳುವ ಹಣ್ಣುಬಾಕ ಬಾವಲಿಯೇ ಬೇರೆ, ಇದೇ ಬೇರೆ. ಇದು ಹಣ್ಣು ಮುಟ್ಟುವುದಿಲ್ಲ, ರಕ್ತ ಕುಡಿಯುವುದಿಲ್ಲ. ಪತಂಗ, ಸಣ್ಣ ಜೀರುಂಡೆ, ರೆಕ್ಕೆ ಇರುವೆ, ಜಿಗಿಹುಳು ಇವೇ ಇದರ ಊಟ.

ಒಂದು ಕಾಲಕ್ಕೆ ಅಮೆರಿಕದ ಪೂರ್ವ ಭಾಗದಲ್ಲಿ ಎಲ್ಲೆಲ್ಲೂ ಕಾಣುತ್ತಿದ್ದ ಬಾವಲಿ ಇದು. ಈಗ ಬಿಳಿಮೂಗು ಎಂಬ ರೋಗ ಹೊಕ್ಕ ಗವಿಗಳಲ್ಲಿ ಶೇಕಡ 90ಕ್ಕೂ ಹೆಚ್ಚು ಸತ್ತುಹೋಗಿವೆ. ಇದನ್ನು ಅಳಿವಿನಂಚಿನ ಪಟ್ಟಿಗೆ ಸೇರಿಸಬೇಕೆಂದು ಅಮೆರಿಕದ ಮೀನು ಮತ್ತು ವನ್ಯಜೀವಿ ಇಲಾಖೆ 2022ರ ಸೆಪ್ಟೆಂಬರ್‌ನಲ್ಲಿ ಪ್ರಸ್ತಾವ ಮುಂದಿಟ್ಟಿತು. ಅದೇ ವರ್ಷ ನವೆಂಬರ್‌ನಲ್ಲಿ ಇದರ ನೆರೆಯದೇ ಆದ ಉತ್ತರದ ಉದ್ದಕಿವಿ ಬಾವಲಿಯನ್ನು ಅಳಿವಿನಂಚಿನದೆಂದು ಘೋಷಿಸಿತು. ಆದ್ದರಿಂದ ಕೆಳಗಿನ ಮಾತುಗಳನ್ನು ಯಾರೂ ಸಲಹೆ ಎಂದುಕೊಳ್ಳಬಾರದು. ಇವು ಪಾಲಿಸಲೇಬೇಕಾದ ನಿಯಮಗಳು.

ಮೊದಲ ನಿಯಮ: ಮುಟ್ಟಬೇಡಿ

ಬಾವಲಿಯನ್ನು ಬರಿಗೈಯಲ್ಲಿ ಮುಟ್ಟಬೇಡಿ. ನೆಲಕ್ಕೆ ಬಿದ್ದದ್ದನ್ನೂ ಮುಟ್ಟಬೇಡಿ, ಸತ್ತದ್ದನ್ನೂ ಮುಟ್ಟಬೇಡಿ, ಮಕ್ಕಳಿಗೆ ಮುಟ್ಟಲು ಬಿಡಬೇಡಿ. ನಿಮ್ಮ ಮಗುವಿನ ಜೀವ, ಆ ಬಾವಲಿಯ ಜೀವ, ಎರಡನ್ನೂ ಕಾಯುವುದು ಈ ಒಂದೇ ನಿಯಮ. ಮಿಕ್ಕದ್ದೆಲ್ಲ ಇದರ ಬೆನ್ನಿಗೇ ಬರುತ್ತದೆ.

ರೇಬೀಸ್ ಅಂದರೆ ನಮಗೆ ನೆನಪಾಗುವುದು ಬೀದಿನಾಯಿ. ಆ ತಿಳಿವಳಿಕೆ ಕರ್ನಾಟಕದಲ್ಲಿ ಸರಿ, ಇಲ್ಲಿ ಸಾಲದು. ಅಮೆರಿಕದೊಳಗೆ ರೇಬೀಸ್ ತಗುಲಿ ಸಾಯುವವರಲ್ಲಿ ಹೆಚ್ಚಿನವರಿಗೆ ಅದು ಬರುವುದು ಬಾವಲಿಯಿಂದ. 2021ರಲ್ಲಿ ಸೆಪ್ಟೆಂಬರ್ ಕೊನೆಯಿಂದ ನವೆಂಬರ್ ಆರಂಭದ ನಡುವೆ ಇಡಾಹೊ, ಇಲಿನಾಯ್, ಟೆಕ್ಸಾಸ್ ರಾಜ್ಯಗಳಲ್ಲಿ ಹೀಗೆ ಮೂವರು ಸತ್ತರು. ಅವರಲ್ಲೊಬ್ಬ ಬಾಲಕ. ಮೂವರಲ್ಲಿ ಒಬ್ಬರಿಗೂ ಚುಚ್ಚುಮದ್ದು ಆಗಿರಲಿಲ್ಲ. ಹಾಗೆಂದು ಎಲ್ಲ ಬಾವಲಿಗಳಿಗೂ ರೇಬೀಸ್ ಇರುತ್ತದೆ ಎಂದಲ್ಲ. ಕಾಡಿನಲ್ಲಿ ಆರೋಗ್ಯವಾಗಿ ಹಾರುವ ಬಾವಲಿಗಳಲ್ಲಿ ನೂರಕ್ಕೆ ಒಂದಕ್ಕೂ ಇರುವುದಿಲ್ಲ. ಆದರೆ ಹಗಲಲ್ಲಿ ನೆಲದ ಮೇಲೆ ಕೈಗೆ ಸಿಗುವಂತೆ ಬಿದ್ದಿರುವ ಬಾವಲಿ ಆರೋಗ್ಯವಂತ ಬಾವಲಿಯಲ್ಲ. ಪಾರ್ಕಿನಲ್ಲಿ ಮಕ್ಕಳು ಕನಿಕರದಿಂದ ಎತ್ತಿಕೊಳ್ಳುವುದು ಅಂಥದನ್ನೇ. ಪ್ರೀತಿಯಿಂದ ಎತ್ತಿದರೂ ಅದು ಹೆದರಿ ಕಚ್ಚುತ್ತದೆ. ಅದರ ಹಲ್ಲು ಎಷ್ಟು ಸಣ್ಣವೆಂದರೆ ಕಚ್ಚಿದ ಗುರುತೂ ಕಾಣದೆ ಹೋಗಬಹುದು.

ರಾತ್ರಿ ಮನೆಯೊಳಗೆ ಬಾವಲಿ ಬಂದರೆ ಮೊದಲು ಈ ಪ್ರಶ್ನೆಗಳನ್ನು ಕೇಳಿಕೊಳ್ಳಿ: ಅದು ಇದ್ದ ಕೋಣೆಯಲ್ಲಿ ಯಾರಾದರೂ ಮಲಗಿದ್ದರೇ? ಮಾತು ಬಾರದ ಮಗು ಇತ್ತೇ? ಮರೆವಿನ ಕಾಯಿಲೆಯ ಹಿರಿಯರು ಇದ್ದರೇ? ಯಾರನ್ನಾದರೂ ಅದು ಮುಟ್ಟಿತೇ?

ಇಲ್ಲ ಎಂಬುದು ಖಚಿತವಾದರೆ ಒಳಬಾಗಿಲುಗಳನ್ನು ಮುಚ್ಚಿ. ಹೊರಗಿನ ಕಿಟಕಿ, ಬಾಗಿಲು ತೆರೆದಿಟ್ಟು, ದೀಪ ಆರಿಸಿ, ಫ್ಯಾನ್ ನಿಲ್ಲಿಸಿ, ಸುಮ್ಮನಿರಿ. ಅದು ತಾನೇ ದಾರಿ ಹುಡುಕಿಕೊಂಡು ಹೋಗುತ್ತದೆ. ಪೊರಕೆ ಎತ್ತಬೇಡಿ, ಟವೆಲ್ ಬೀಸಬೇಡಿ, ಬ್ಯಾಡ್ಮಿಂಟನ್ ಬ್ಯಾಟು ಹಿಡಿಯಬೇಡಿ.

ಹೌದು, ಅಥವಾ ಇರಬಹುದು ಎನಿಸಿದರೆ ಅದನ್ನು ಹೊರಗೆ ಬಿಡಲೇಬೇಡಿ. ಆ ಕೋಣೆಯಿಂದ ಎಲ್ಲರೂ ಈಚೆ ಬಂದು ಬಾಗಿಲು ಹಾಕಿ, ಬಾಗಿಲಡಿಯ ಸಂದಿಗೆ ಬಟ್ಟೆ ತುರುಕಿ. ಕೌಂಟಿಯ ಆರೋಗ್ಯ ಇಲಾಖೆಗೆ ಅಥವಾ ಪ್ರಾಣಿ ನಿಯಂತ್ರಣದವರಿಗೆ ಫೋನ್ ಮಾಡಿ. ಹಿಡಿಯಲೇಬೇಕಾಗಿ ಬಂದರೆ ದಪ್ಪ ಚರ್ಮದ ಕೈಗವಸು ಹಾಕಿಕೊಂಡು, ಅದು ಗೋಡೆಗೆ ಕೂತಾಗ ಡಬ್ಬಿ ಮುಚ್ಚಿ, ಹಿಂದಿನಿಂದ ರಟ್ಟು ತೂರಿಸಿ ಹಿಡಿಯಿರಿ. ತಲೆ ಜಜ್ಜಬೇಡಿ, ರೇಬೀಸ್ ಪರೀಕ್ಷೆ ನಡೆಯುವುದು ಅದರ ಮೆದುಳಿನ ಮೇಲೆ. ಪರೀಕ್ಷೆಯಲ್ಲಿ ರೋಗವಿಲ್ಲ ಎಂದಾದರೆ ಇಡೀ ಮನೆಗೆ ಚುಚ್ಚುಮದ್ದಿನ ಅಗತ್ಯವೇ ಇರುವುದಿಲ್ಲ. ಗಾಬರಿಯಲ್ಲಿ ಹೊರಗಟ್ಟಿದವರಿಗೆ ಆ ಸಮಾಧಾನ ಸಿಗುವುದಿಲ್ಲ.

ಕಚ್ಚಿದ ಅಥವಾ ಪರಚಿದ ಜಾಗವನ್ನು ಸೋಪು ಹಚ್ಚಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆಯಿರಿ, ಕೂಡಲೇ ಆಸ್ಪತ್ರೆಗೆ ಹೋಗಿ. ಮೊದಲ ದಿನ ಇಮ್ಯುನೊಗ್ಲಾಬ್ಯುಲಿನ್ ಮತ್ತು ಲಸಿಕೆ, ಆಮೇಲೆ 3, 7, 14ನೇ ದಿನಗಳಲ್ಲಿ ಮತ್ತೆ ಲಸಿಕೆ. ರೋಗದ ಲಕ್ಷಣ ಕಂಡ ಮೇಲೆ ಬದುಕಿದವರು ಇಲ್ಲವೆನ್ನುವಷ್ಟು ಕಡಿಮೆ. ಊರಿಂದ ಬಂದ ಹಿರಿಯರಿಗೆ ಪ್ರವಾಸದ ವಿಮೆ ಮಾತ್ರ ಇದೆ, ಬಿಲ್ಲು ಎಷ್ಟಾಗುತ್ತದೋ ಎಂದು ಬೆಳಗಾಗುವವರೆಗೆ ಕಾಯಬೇಡಿ. ವಾಟ್ಸಾಪ್ ಗುಂಪಿನಲ್ಲಿ ಕೇಳಿ ನಿರ್ಧರಿಸುವ ವಿಷಯವೂ ಇದಲ್ಲ.

ಹಿರಿಯರಲ್ಲಿ ಇನ್ನೊಂದು ವಿನಂತಿ. ಮನೆಯೊಳಗೆ ಬಾವಲಿ ಬಂದರೆ ಕೆಡುಕು ಎಂಬ ಮಾತು ನಮ್ಮ ಕಡೆ ಇದೆ. ಶಾಂತಿ ಮಾಡಿಸಬೇಕೆನಿಸಿದರೆ ಮಾಡಿಸಿ, ಅದರಿಂದ ಯಾರಿಗೂ ತೊಂದರೆಯಿಲ್ಲ. ಆದರೆ ಅಪಶಕುನವೆಂದು ಹೆದರಿ ಆ ಜೀವವನ್ನು ಬಡಿದು ಹಾಕಬೇಡಿ. ಮಗ ಸೊಸೆ ಗಾಬರಿಯಾದಾರು ಎಂದು ಬೆಳಗಿನವರೆಗೆ ಮುಚ್ಚಿಡಲೂಬೇಡಿ. ಆಗಲೇ ಎಬ್ಬಿಸಿ ಹೇಳಿ.

ನಾಯಿ, ಬೆಕ್ಕುಗಳಿಗೆ ರೇಬೀಸ್ ಲಸಿಕೆ ತಪ್ಪಿಸಬೇಡಿ. ಬೆಕ್ಕನ್ನು ರಾತ್ರಿ ಹೊರಗೆ ಬಿಡಬೇಡಿ. ಬಾವಲಿಗಳನ್ನು ಕೊಲ್ಲುವುದರಲ್ಲಿ ಬೆಕ್ಕಿನ ಪಾಲು ದೊಡ್ಡದು.

ಗವಿಗಳು: ನಾವು ಕಾಲಿನಲ್ಲಿ ಹೊತ್ತೊಯ್ಯುವ ಸಾವು

2006ರ ಫೆಬ್ರವರಿಯಲ್ಲಿ ನ್ಯೂಯಾರ್ಕ್ ರಾಜ್ಯದ ಒಂದು ಗವಿಯಲ್ಲಿ ತೆಗೆದ ಫೋಟೊದಲ್ಲಿ ಬಾವಲಿಗಳ ಮೂಗಿನ ಮೇಲೆ ಬಿಳಿ ಬೂಷ್ಟು ಕಂಡಿತು. ಅದೇ ಬಿಳಿಮೂಗು ರೋಗ. ಯುರೋಪ್, ಏಷ್ಯಾಗಳಲ್ಲಿ ಮೊದಲಿನಿಂದ ಇದ್ದ ಒಂದು ಶಿಲೀಂಧ್ರ ಇದಕ್ಕೆ ಕಾರಣ. ಅಲ್ಲಿನ ಬಾವಲಿಗಳು ಅದರ ಜೊತೆ ಬದುಕುವುದನ್ನು ಕಲಿತಿವೆ, ಇಲ್ಲಿನವು ಕಲಿತಿರಲಿಲ್ಲ. 2009ಕ್ಕೆ ವರ್ಜೀನಿಯಾ, 2010ಕ್ಕೆ ಮೇರಿಲ್ಯಾಂಡ್, 2011ಕ್ಕೆ ನಾರ್ತ್ ಕ್ಯಾರೊಲೈನಾ, 2013ಕ್ಕೆ ಸೌತ್ ಕ್ಯಾರೊಲೈನಾ ಮತ್ತು ಜಾರ್ಜಿಯಾ. ಏಳು ವರ್ಷದಲ್ಲಿ ನಾವಿರುವ ಜಾಗವನ್ನೆಲ್ಲ ಅದು ಆವರಿಸಿತು.

ಮುಬ್ಬಣ್ಣದ ಬಾವಲಿ ಚಳಿಗಾಲವಿಡೀ ಉಣ್ಣದೆ ನಿದ್ರಿಸುತ್ತದೆ. ಚಳಿಗೆ ಮೊದಲು ಮೈಗೆ ತುಂಬಿಕೊಂಡ ಕೊಬ್ಬೇ ಅದಕ್ಕೆ ಆಧಾರ. ಮಳೆಗಾಲಕ್ಕೆಂದು ಕಣಜದಲ್ಲಿಟ್ಟ ಅಕ್ಕಿಯ ಹಾಗೆ, ಅಳೆದು ಉಂಡರಷ್ಟೇ ಹೊಸ ಬೆಳೆಯವರೆಗೆ ಬರುವಷ್ಟು. ಗವಿಯ ತಂಪಿನಲ್ಲಿ ಸೊಂಪಾಗಿ ಬೆಳೆಯುವ ಈ ಶಿಲೀಂಧ್ರ ಅದರ ಮೂಗು, ರೆಕ್ಕೆಗಳ ತೊಗಲಿಗೆ ಇಳಿದು ಮತ್ತೆ ಮತ್ತೆ ಎಬ್ಬಿಸುತ್ತದೆ. ಎದ್ದಾಗಲೆಲ್ಲ ಮೈ ಬೆಚ್ಚಗೆ ಮಾಡಿಕೊಳ್ಳಲು ಕೊಬ್ಬು ಕರಗುತ್ತದೆ. ಜನವರಿ, ಫೆಬ್ರವರಿಗೆಲ್ಲ ಅದು ಮುಗಿದು, ಹಸಿದ ಬಾವಲಿ ಹುಳವೇ ಇಲ್ಲದ ಕೊರೆಯುವ ಚಳಿಗೆ ಹಾರಿ ಬಂದು ಸಾಯುತ್ತದೆ. ಜಾರ್ಜಿಯಾದ ರಾಬುನ್ ಕೌಂಟಿಯ ಬ್ಲ್ಯಾಕ್ ಡೈಮಂಡ್ ಸುರಂಗದಲ್ಲಿ ರೋಗ ಬರುವ ಮೊದಲು 5,000ಕ್ಕೂ ಹೆಚ್ಚು ಮುಬ್ಬಣ್ಣದ ಬಾವಲಿಗಳು ಮಲಗುತ್ತಿದ್ದವು. ಕೆಲವೇ ವರ್ಷಗಳಲ್ಲಿ ಉಳಿದದ್ದು ನೂರರ ಲೆಕ್ಕದಲ್ಲಿ.

ಈ ಶಿಲೀಂಧ್ರ ಮನುಷ್ಯರಿಗೆ ರೋಗ ತರುವುದಿಲ್ಲ. ಆದರೆ ಅದರ ಬೀಜಕಣ ಗವಿಯ ಮಣ್ಣಿನಲ್ಲಿ ವರ್ಷಗಟ್ಟಲೆ ಇರುತ್ತದೆ, ಬೂಟಿಗೆ, ಬಟ್ಟೆಗೆ, ಹೆಗಲಚೀಲಕ್ಕೆ ಅಂಟುತ್ತದೆ. ಬಾವಲಿಯಿಂದ ಬಾವಲಿಗೆ ಹರಡುವುದನ್ನು ನಾವು ತಡೆಯಲಾರೆವು. ನಮ್ಮ ಬೂಟಿನಿಂದ ಹರಡುವುದನ್ನು ಖಂಡಿತ ತಡೆಯಬಲ್ಲೆವು.

ಊರಿಂದ ಯಾರು ಬಂದರೂ ವಾಷಿಂಗ್ಟನ್ ಕಡೆಯವರು ಲುರೇ ಕೇವರ್ನ್ಸ್‌ಗೆ, ಅಟ್ಲಾಂಟಾದವರು ಲುಕೌಟ್ ಮೌಂಟನ್ ಕಡೆಗೆ, ಶಾರ್ಲಟ್‌ನವರು ಲಿನ್‌ವಿಲ್ ಕೇವರ್ನ್ಸ್‌ಗೆ ಕರೆದೊಯ್ಯುವುದು ರೂಢಿ. ಹೋಗಿ. ಟಿಕೆಟ್ ಕೊಟ್ಟು ನೋಡುವ, ಕಟ್ಟಿದ ದಾರಿಯುಳ್ಳ ಗವಿಗಳಿಗೆ ಅಡ್ಡಿಯಿಲ್ಲ. ಆದರೆ ಒಂದು ಗವಿಗೆ ಮೆಟ್ಟಿದ ಚಪ್ಪಲಿ, ಬೂಟು, ತೊಟ್ಟ ಜಾಕೆಟ್ಟನ್ನು ತೊಳೆಯದೆ ಇನ್ನೊಂದು ಗವಿಗೆ ಒಯ್ಯಬೇಡಿ. ಬಾಗಿಲಲ್ಲಿ ಬೂಟಿನ ಶುದ್ಧಿಗೆಂದು ಒದ್ದೆ ಚಾಪೆ ಹಾಸಿದ್ದರೆ ದಾಟಿ ಹೋಗಬೇಡಿ, ಅದರ ಮೇಲೇ ಕಾಲಿಟ್ಟು ನಡೆಯಿರಿ. ಮಕ್ಕಳನ್ನೂ ಎತ್ತಿಕೊಳ್ಳದೆ ನಡೆಸಿ. ಮನೆಗೆ ಬಂದ ಮೇಲೆ ಮಣ್ಣು ಉಜ್ಜಿ ತೆಗೆದು, ನೀರಿಗೆ ಹಾಕಬಹುದಾದ್ದನ್ನೆಲ್ಲ 55 ಡಿಗ್ರಿ ಸೆಲ್ಸಿಯಸ್‌ಗೆ ಕಡಿಮೆಯಾಗದ ಬಿಸಿನೀರಿನಲ್ಲಿ 20 ನಿಮಿಷ ಮುಳುಗಿಸಿಡಿ.

ಬೇಲಿ ಹಾಕಿದ, ಗೇಟು ಜಡಿದ, ಫಲಕ ತೂಗುಹಾಕಿದ ಗವಿಯೊಳಗೆ ಕಾಲಿಡಬೇಡಿ. ಗ್ರೇಟ್ ಸ್ಮೋಕಿ ಮೌಂಟನ್ಸ್ ರಾಷ್ಟ್ರೀಯ ಉದ್ಯಾನದ ಗವಿಗಳನ್ನು 2009ರಲ್ಲೇ ಸಾರ್ವಜನಿಕರಿಗೆ ಮುಚ್ಚಿದ್ದಾರೆ. ಮೇರಿಲ್ಯಾಂಡ್‌ನ ಪಶ್ಚಿಮದಲ್ಲಿ ಹಳೆಯ ರೈಲುದಾರಿಯನ್ನು ಸೈಕಲ್ ದಾರಿ ಮಾಡಿದಾಗ, ಇಂಡಿಗೊ ಸುರಂಗದಲ್ಲಿ ಬಾವಲಿಗಳು ಚಳಿನಿದ್ದೆ ಮಾಡುತ್ತವೆಂದು ದಾರಿಯನ್ನೇ ಸುರಂಗದ ಪಕ್ಕಕ್ಕೆ ತಿರುಗಿಸಿದರು. ಅಷ್ಟು ಖರ್ಚು ಮಾಡಿ ಕೊಟ್ಟ ನೆಮ್ಮದಿಯನ್ನು ಒಂದು ರೀಲ್ಸ್‌ಗಾಗಿ ಕೆಡಿಸುವುದು ಅಪರಾಧ. ಸೌತ್ ಕ್ಯಾರೊಲೈನಾದ ವಾಲ್‌ಹಾಲಾ ಬಳಿ ಇಸಾಕ್ವೀನಾ ಜಲಪಾತ ನೋಡಲು ಹೋದವರು ಪಕ್ಕದ ಸ್ಟಂಪ್‌ಹೌಸ್ ಸುರಂಗಕ್ಕೂ ಹೋಗುತ್ತಾರೆ. ಅಂತರ್ಯುದ್ಧಕ್ಕೆ ಮುಂಚೆ ಕೊರೆಯಲು ತೊಡಗಿ ಅರ್ಧಕ್ಕೆ ಬಿಟ್ಟ ರೈಲು ಸುರಂಗ ಅದು. ಅದರ ಗೋಡೆಗಳಲ್ಲಿ ಮುಬ್ಬಣ್ಣದ ಬಾವಲಿಗಳು ಚಳಿಗಾಲ ಕಳೆಯುತ್ತವೆ. ಅಲ್ಲಿ ಟಾರ್ಚನ್ನು ಚಾವಣಿಗೆ ಬಿಡಬೇಡಿ, ಕೂಗಬೇಡಿ, ಫ್ಲ್ಯಾಶ್ ಹಾಕಿ ಫೋಟೊ ತೆಗೆಯಬೇಡಿ. ಮಲಗಿದ ಒಂದು ಬಾವಲಿ ಎಚ್ಚರಗೊಂಡರೆ ದಿನಗಟ್ಟಲೆ ಬರಬೇಕಾದ ಕೊಬ್ಬು ಒಂದೇ ಸಲಕ್ಕೆ ಕರಗಿಹೋಗುತ್ತದೆ.

ಗವಿಗಳಿಲ್ಲದ ಬಯಲಿನಲ್ಲಿ ಈ ಬಾವಲಿಗಳು ರಸ್ತೆಯಡಿಯ ಮೋರಿಗಳಲ್ಲಿ ಚಳಿಗಾಲ ಕಳೆಯುತ್ತವೆ. ಮಕ್ಕಳು ಆಟಕ್ಕೆಂದು ಮೋರಿಯೊಳಗೆ ನುಗ್ಗದಂತೆ ನೋಡಿಕೊಳ್ಳಿ. ಚಳಿಗಾಲದ ಹಗಲಲ್ಲಿ ಬಾವಲಿ ಹಾರುವುದೋ, ಒಂದೇ ಕಡೆ ಹಲವು ಸತ್ತುಬಿದ್ದಿರುವುದೋ ಕಂಡರೆ ದೂರದಿಂದ ಫೋಟೊ ತೆಗೆದು ನಿಮ್ಮ ರಾಜ್ಯದ ವನ್ಯಜೀವಿ ಇಲಾಖೆಗೆ ಅಂದೇ ತಿಳಿಸಿ.

ಆಟಿಕ್‌ನಲ್ಲಿ ಬಾವಲಿ ಇದ್ದರೆ

ಬೇಸಿಗೆಯಲ್ಲಿ ಓಡಿಸಬೇಡಿ. ಮೇ, ಜೂನ್, ಜುಲೈ ತಿಂಗಳಲ್ಲಿ ತಾಯಿ ಬಾವಲಿಗಳು ಹಾರಲು ಬಾರದ ಮರಿಗಳನ್ನು ಸಾಕುತ್ತಿರುತ್ತವೆ. ಆಗ ಸಂದು ಮುಚ್ಚಿದರೆ ತಾಯಿ ಹೊರಗೆ, ಮರಿಗಳು ಒಳಗೆ. ಒಳಗೆ ಸಿಕ್ಕಿಕೊಂಡವು ಅಲ್ಲೇ ಸತ್ತು ನಾರುತ್ತವೆ, ತಾಯಿ ದಾರಿ ಹುಡುಕುತ್ತ ನಿಮ್ಮ ಮಲಗುವ ಕೋಣೆಗೇ ಬರಬಹುದು. ನಾರ್ತ್ ಕ್ಯಾರೊಲೈನಾದಲ್ಲಿ ಮೇ 1ರಿಂದ ಜುಲೈ 31ರವರೆಗೆ ಹೀಗೆ ಹೊರಹಾಕುವಂತಿಲ್ಲ. ಜಾರ್ಜಿಯಾದಲ್ಲಿ ನಿಷೇಧದ ಕಾಲ ಏಪ್ರಿಲ್‌ನಿಂದಲೇ ಶುರು. ವರ್ಜೀನಿಯಾ, ಮೇರಿಲ್ಯಾಂಡ್, ಸೌತ್ ಕ್ಯಾರೊಲೈನಾದವರು ತಮ್ಮ ರಾಜ್ಯದ ಇಲಾಖೆಯನ್ನು ಕೇಳಿ ದಿನ ಗೊತ್ತುಮಾಡಿ. ಚಳಿಗಾಲದಲ್ಲೂ ಕೈ ಹಾಕಬೇಡಿ, ಒಳಗೆ ಮಲಗಿದ್ದವು ಏಳಲಾರದೆ ಸಾಯುತ್ತವೆ. ಆಗಸ್ಟ್ ಕಳೆದು ಚಳಿ ಬರುವುದರೊಳಗಿನ ಕಾಲ ಸೂಕ್ತ. ಹೊರಗೆ ಹೋಗಬಹುದು, ಒಳಗೆ ಬರಲಾಗದು, ಅಂಥ ಒಮ್ಮುಖದ ಬಲೆಯನ್ನೋ ಕೊಳವೆಯನ್ನೋ ಕಟ್ಟಿಸಿ, ಎಲ್ಲವೂ ಹೋದ ಮೇಲೆ ಸಂದು ಮುಚ್ಚಿಸಿ. ವಿಷ, ಹೊಗೆ, ಅಂಟುಹಾಳೆ ಯಾವುದನ್ನೂ ಬಳಸುವಂತಿಲ್ಲ. ಹಿಕ್ಕೆಯನ್ನು ಒಣಗಿದ್ದಾಗ ಗುಡಿಸಬೇಡಿ, ಅದರ ದೂಳಿನಿಂದ ಶ್ವಾಸಕೋಶದ ಸೋಂಕು ಬರಬಹುದು. ಮಾಸ್ಕ್ ಹಾಕಿದ ಕೆಲಸಗಾರರಿಗೆ ಬಿಡಿ.

ಹಿತ್ತಲು

ಸೊಳ್ಳೆಗೆಂದು ತಿಂಗಳಿಗೊಮ್ಮೆ ಹಿತ್ತಲಿಗೆಲ್ಲ ಔಷಧಿ ಹೊಡೆಸುವುದನ್ನು ನಿಲ್ಲಿಸಿ. ಆ ಔಷಧಿ ಸೊಳ್ಳೆ, ಪತಂಗ, ಜೇನು ಎಂದು ಭೇದ ಮಾಡುವುದಿಲ್ಲ. ಬಾವಲಿಯ ಊಟವನ್ನೇ ಕಸಿಯುತ್ತದೆ. ಅದರ ಬದಲು ತುಳಸಿ, ದಾಸವಾಳ, ಕರಿಬೇವಿನ ಕುಂಡಗಳ ಕೆಳಗಿನ ತಟ್ಟೆಯ ನೀರನ್ನು ವಾರಕ್ಕೊಮ್ಮೆ ಚೆಲ್ಲಿ. ಮಳೆನೀರಿನ ತೊಟ್ಟಿಗೆ ಸೊಳ್ಳೆಮರಿಯನ್ನು ಕೊಲ್ಲುವ ಬಿಟಿಐ ಬಿಲ್ಲೆ ಹಾಕಿ.

ಬಾವಲಿ ಸತ್ತರೆ ನಮಗೇನು ಎನ್ನುವವರು ಇದನ್ನು ಓದಬೇಕು. ಬಿಳಿಮೂಗು ರೋಗ ಹೊಕ್ಕ ಕೌಂಟಿಗಳ ಲೆಕ್ಕವನ್ನು ಶಿಕಾಗೊ ವಿಶ್ವವಿದ್ಯಾಲಯದ ಅರ್ಥಶಾಸ್ತ್ರಜ್ಞ ಇಯಾಲ್ ಫ್ರಾಂಕ್ 2024ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಪ್ರಕಟಿಸಿದರು. ಬಾವಲಿಗಳು ಇಲ್ಲವಾದ ಕಡೆ ರೈತರ ಕೀಟನಾಶಕ ಬಳಕೆ ಸುಮಾರು ಶೇಕಡ 31 ಏರಿತ್ತು. ಅದೇ ಕೌಂಟಿಗಳಲ್ಲಿ ಅಪಘಾತ ಬಿಟ್ಟು ಬೇರೆ ಕಾರಣಗಳಿಂದಾದ ಶಿಶುಮರಣ ಸುಮಾರು ಶೇಕಡ 8 ಹೆಚ್ಚಿತ್ತು. ಹಸುಗೂಸುಗಳ ಈ ಲೆಕ್ಕ ಓದಿದ ಮೇಲೂ ಬಾವಲಿಯನ್ನು ಬೇಡದ ಪ್ರಾಣಿ ಎನ್ನಲು ನನಗೆ ಬಾಯಿ ಬರುವುದಿಲ್ಲ.

ಮುಬ್ಬಣ್ಣದ ಬಾವಲಿ ಬೇಸಿಗೆಯಲ್ಲಿ ಮಲಗುವುದು ಮರದ ಎಲೆಗೊಂಚಲಿನಲ್ಲಿ, ಅದರಲ್ಲೂ ಓಕ್ ಕೊಂಬೆಗಳಲ್ಲಿ ಒಣಗಿ ನೇತಾಡುವ ಎಲೆಗಳ ನಡುವೆ. ಕ್ಯಾರೊಲೈನಾ, ಜಾರ್ಜಿಯಾಗಳ ಕಡಲಂಚಿನಲ್ಲಿ ಮರಗಳಿಂದ ಇಳಿಬೀಳುವ ಸ್ಪ್ಯಾನಿಷ್ ಮಾಸ್‌ನ ಒಳಗೆ. ವರ್ಷಕ್ಕೊಮ್ಮೆ ಹೆರುತ್ತದೆ, ಸಾಮಾನ್ಯವಾಗಿ ಎರಡು ಮರಿ. ಮೇ ತಿಂಗಳಿಂದ ಜುಲೈ ಕಳೆಯುವವರೆಗೆ ಮರ ಕಡಿಸಬೇಡಿ, ಕೊಂಬೆ ಕತ್ತರಿಸಬೇಡಿ. ಹಿತ್ತಲು ಒಪ್ಪವಾಗಿರಲೆಂದು ಒಣ ಎಲೆಯನ್ನೆಲ್ಲ ತೆಗೆಸಬೇಡಿ. ಮನೆಮಾಲೀಕರ ಸಂಘ ಪತ್ರ ಕಳಿಸಿದರೆ ಆಗಸ್ಟ್ ಕೊನೆಯವರೆಗೆ ಕಾಲಾವಕಾಶ ಕೇಳಿ, ಕಾರಣ ಬರೆದು ತಿಳಿಸಿ. ಬೀಳುವಂತಿರುವ, ಅಪಾಯದ ಮರದ ವಿಷಯ ಬೇರೆ.

ಬಾವಲಿ ಪೆಟ್ಟಿಗೆ ತೂಗುಹಾಕುವವರು ಇದ್ದಾರೆ, ಒಳ್ಳೆಯದು. ಮರಕ್ಕೆ ಕಟ್ಟಬೇಡಿ, ಕಂಬಕ್ಕೋ ಗೋಡೆಗೋ ಹನ್ನೆರಡು ಅಡಿಗಿಂತ ಎತ್ತರದಲ್ಲಿ, ಬಿಸಿಲು ಬೀಳುವ ಕಡೆ ಕಟ್ಟಿ. ಆದರೆ ಅದಕ್ಕೆ ಬರುವುದು ಬೇರೆ ಜಾತಿಯ ಬಾವಲಿಗಳು. ಮುಬ್ಬಣ್ಣದ್ದಕ್ಕೆ ಮರವೇ ಬೇಕು.

ಅಕ್ಟೋಬರ್‌ನಲ್ಲಿ ಹ್ಯಾಲೊವೀನ್‌ಗೆಂದು ಗಿಡಗಳ ಮೇಲೆ ಹರಡುವ ನಕಲಿ ಜೇಡರಬಲೆಯನ್ನು ಹೊರಗೆ ಕಟ್ಟಲೇಬೇಡಿ, ಅದರಲ್ಲಿ ಬಾವಲಿಗಳೂ ಹಕ್ಕಿಗಳೂ ಸಿಕ್ಕಿ ಸಾಯುತ್ತವೆ. ನೊಣ ಹಿಡಿಯುವ ಅಂಟುಪಟ್ಟಿಯನ್ನೂ ಹೊರಗೆ ತೂಗಬೇಡಿ. ದೀಪಾವಳಿಯ ದೀಪಗಳನ್ನು ಹಚ್ಚಿ, ಮಲಗುವ ಮುನ್ನ ಆರಿಸಿ.

ಊರಿಗೆ ಹೋದಾಗ

ಕೋಲಾರ ಜಿಲ್ಲೆಯ ಹನುಮನಹಳ್ಳಿಯ ಒಂದು ಬಂಡೆಗವಿಯಲ್ಲಿ ಹುಳ ತಿನ್ನುವ ಇನ್ನೊಂದು ಬಾವಲಿ ಇದೆ, ಕೋಲಾರದ ಎಲೆಮೂಗಿನ ಬಾವಲಿ. 1994ರಲ್ಲಿ ಡೀಟರ್ ಕಾಕ್ ಮತ್ತು ಎಚ್. ಆರ್. ಭಟ್ ಇದಕ್ಕೆ ಹೆಸರಿಟ್ಟು ಪರಿಚಯಿಸಿದರು. ಆಗ ತೇರಹಳ್ಳಿಯಲ್ಲೂ ಇತ್ತು. ಮುಂದೆ ಉಸ್ಮಾನಿಯಾ ವಿಶ್ವವಿದ್ಯಾಲಯದ ಭಾರ್ಗವಿ ಶ್ರೀನಿವಾಸುಲು ಮತ್ತು ಚೆಲ್ಮಲ ಶ್ರೀನಿವಾಸುಲು ಅವರ ತಂಡ ಹುಡುಕಿದಾಗ ತೇರಹಳ್ಳಿಯಲ್ಲಿ ಒಂದೂ ಸಿಗಲಿಲ್ಲ. ಜಗತ್ತಿನಲ್ಲಿ ಉಳಿದಿರುವುದು 200ಕ್ಕೂ ಕಡಿಮೆ ಎಂಬ ಅಂದಾಜಿನ ಮೇಲೆ ಪ್ರಕೃತಿ ಸಂರಕ್ಷಣೆಯ ಅಂತರರಾಷ್ಟ್ರೀಯ ಒಕ್ಕೂಟ ಐಯುಸಿಎನ್ 2016ರಲ್ಲಿ ಇದನ್ನು ತೀವ್ರ ಅಳಿವಿನಂಚಿನ ಪಟ್ಟಿಗೆ ಸೇರಿಸಿತು. ಸುತ್ತ ಗ್ರಾನೈಟ್‌ಗಾಗಿ ಬಂಡೆ ಒಡೆಯುತ್ತಿದ್ದರು. ಕರ್ನಾಟಕ ಅರಣ್ಯ ಇಲಾಖೆ ಅದನ್ನು ನಿಲ್ಲಿಸಿ ಗವಿಯ ಸುತ್ತಲಿನ ನೆಲವನ್ನು ಕಾಪಿಟ್ಟಿತು. ಬ್ಯಾಟ್ ಕನ್ಸರ್ವೇಶನ್ ಇಂಡಿಯಾ ಟ್ರಸ್ಟ್ ಅಲ್ಲಿ ಕೆಲಸ ಮಾಡುತ್ತ ಬಂದಿದೆ. ಬೆಳಗಾವಿ ಜಿಲ್ಲೆಯ ಖಾನಾಪುರ ತಾಲ್ಲೂಕಿನ ಬಾರಾಪೇಡೆ ಗವಿಯ ರೌಟನ್ ಬಾವಲಿಯದೂ ಇಂಥದೇ ಕತೆ. 1913ರಲ್ಲಿ ಹೆಸರು ಪಡೆದ ಅದು ದಶಕಗಟ್ಟಲೆ ಬೇರೆಲ್ಲೂ ಕಂಡಿರಲಿಲ್ಲ.

ಇವನ್ನು ನೋಡಬೇಕೆಂದು ಗವಿಗೆ ಹೋಗಬೇಡಿ. ಇಡೀ ಒಂದು ಜಾತಿಯ ಸಂಸಾರವೇ ಒಂದು ಗವಿಯಲ್ಲಿರುವಾಗ ನೋಡಲು ಹೋಗುವ ಪ್ರತಿಯೊಬ್ಬರೂ ಅದಕ್ಕೆ ಅಪಾಯ. ಅಮೆರಿಕದ ಗವಿಗಳಲ್ಲಿ ಮೆಟ್ಟಿದ ಬೂಟನ್ನು ಭಾರತಕ್ಕೆ ಒಯ್ಯಲೇಬೇಡಿ. ನೆರವಾಗಬೇಕೆನಿಸಿದರೆ ಬಾವಲಿ ಸಂರಕ್ಷಣೆಯ ಕೆಲಸ ಮಾಡುವವರಿಗೆ ಹಣ ಕೊಡಿ. ಕೋಲಾರದಲ್ಲಿ ನೆಂಟರಿದ್ದರೆ ಬಂಡೆ ಒಡೆಯುವ ಸದ್ದು ಕೇಳಿದ ಕೂಡಲೇ ಅರಣ್ಯ ಇಲಾಖೆಗೆ ಹೇಳುವಂತೆ ತಿಳಿಸಿ.

ಯುಗಾದಿ, ರಾಜ್ಯೋತ್ಸವಕ್ಕೆ ಸೇರುವ ನಮ್ಮ ಕೂಟಗಳಲ್ಲಿ, ಕನ್ನಡ ಕಲಿಯುವ ಮಕ್ಕಳ ತರಗತಿಗಳಲ್ಲಿ ಈ ಸೂಚನೆಯನ್ನು ಓದಿ ಹೇಳಿ. ಅಚ್ಚು ಹಾಕಿ ಫ್ರಿಜ್ ಬಾಗಿಲಿಗೆ ಅಂಟಿಸಿ. ಅದರ ಕೆಳಗೆ ನಿಮ್ಮ ಕೌಂಟಿ ಆರೋಗ್ಯ ಇಲಾಖೆಯ ಮತ್ತು ರಾಜ್ಯದ ವನ್ಯಜೀವಿ ಇಲಾಖೆಯ ಫೋನ್ ನಂಬರನ್ನು ದೊಡ್ಡದಾಗಿ, ಕನ್ನಡಕ ಇಲ್ಲದೆಯೂ ಕಾಣುವಂತೆ, ಇಂದೇ ಬರೆದಿಡಿ. ಅಪ್ಪ ಅಮ್ಮ ಊರಿಂದ ಬಂದ ಮೊದಲ ವಾರದಲ್ಲೇ ಅವರಿಗೆ ತೋರಿಸಿ.